‘ಯಾರ್ ಗೆದ್ರು ಮತ್ತ?’: ಹೊಡೆದಾಟವಿಲ್ಲದೆ ಮುಗಿಯುವ ಫ್ಯಾಂಟಸಿ ಕಾಮಿಕ್ಸ್

ಕಲಬುರಗಿಯ ಮೇ ತಿಂಗಳ ಮಧ್ಯಾಹ್ನ ಮಕ್ಕಳನ್ನು ಹೊರಗೆ ಬಿಡುವ ಹಾಗಿಲ್ಲ, ಒಳಗೆ ಹಿಡಿದಿಡುವ ಹಾಗೂ ಇಲ್ಲ. ಸೂಟಿಗೆ ಬಂದಿದ್ದ ಅಕ್ಕನ ಮಗ, ಒಂಬತ್ತನೇ ಕ್ಲಾಸಿನವ, ಕೂಲರ್ ಮುಂದೆ ಅಂಗಾತ ಬಿದ್ದುಕೊಂಡು ನನ್ನ ಕಪಾಟಿನಿಂದ ಎತ್ತಿದ ಜಪಾನಿ ಕಾಮಿಕ್ಸ್ ಒಂದನ್ನು ಓದುತ್ತಿದ್ದ. ಎರಡು ತಾಸಾದ ಮೇಲೆ ಪುಸ್ತಕವನ್ನು ಎದೆ ಮೇಲೆ ಮಗುಚಿ ಹಾಕಿ ತಕರಾರು ತೆಗೆದ.

“ಮಾಮಾ, ಏನಿದು? ಭೂತ ಬೆನ್ನ ಹತ್ತತದ, ಇಂವ ಓಡ್ತಾನ, ಕೊನೀಗ ಹೊಡ್ಯಾಟಾನೇ ಇಲ್ಲ. ಯಾರ್ ಗೆದ್ರು ಮತ್ತ?”

ಅವನು ಕೇಳಿದ್ದರಲ್ಲಿ ತಪ್ಪೇನಿಲ್ಲ. ನಮ್ಮ ಜಾತ್ರೆಯ ಕುಸ್ತಿಯಲ್ಲಿ ಬೆನ್ನು ಮಣ್ಣಿಗೆ ತಾಗಿತೋ ಮುಗೀತು, ಹಲಗಿ ಬಡಿಯುತ್ತಾರೆ, ಗೆದ್ದವನನ್ನು ಹೆಗಲ ಮೇಲೆ ಹೊರುತ್ತಾರೆ. ಯಾರೂ ಯಾರನ್ನೂ ಏನೂ ಕೇಳಬೇಕಾಗಿಲ್ಲ, ಕಣ್ಣಿಗೇ ಕಂಡಿರುತ್ತದೆ. ಕಾಮಿಕ್ಸ್ ಕೂಡ ಕಣ್ಣಿಗೆ ಕಾಣಿಸಿ ಹೇಳುವ ಕಲೆ. ಎತ್ತಿದ ಕೈ ಒಂದು ಚೌಕಟ್ಟಿನಲ್ಲಿ, ಬಿದ್ದ ಮೈ ಮುಂದಿನ ಚೌಕಟ್ಟಿನಲ್ಲಿ. ನಡುವಿನ ಆ ಬಿಳಿ ಸಂದಿಯಲ್ಲಿ ಏಟು ಬೀಳಿಸುವವನು ಓದುಗ. ‘ಧಡ್’ ಅಂತ ದಪ್ಪ ಅಕ್ಷರದಲ್ಲಿ ಬರೆದರೆ ಸಪ್ಪಳವೂ ಆಯಿತು. ಹೊಡೆದಾಟಕ್ಕೆ ಇಷ್ಟು ಹೊಂದುವ ಕಲೆ ಇನ್ನೊಂದಿಲ್ಲ. ಅದೇ ಇಬ್ಬರು ಕೂತು ಮಾತಾಡಿ ಜಗಳ ಬಗೆಹರಿಸಿಕೊಂಡರೆ ಚಿತ್ರ ಬರೆಯುವವನಿಗೆ ಫಜೀತಿ: ಎರಡು ಮುಖ, ಎರಡು ಮಾತಿನ ಬಲೂನು, ಮತ್ತೆ ಎರಡು ಮುಖ, ಮತ್ತೆ ಎರಡು ಬಲೂನು.

ಹೀಗಿದ್ದೂ, ಮಾಂತ್ರಿಕರು, ರಾಕ್ಷಸರು, ಡ್ರ್ಯಾಗನ್‌ಗಳು ತುಂಬಿರುವ ಫ್ಯಾಂಟಸಿ ಕಾಮಿಕ್ಸ್‌ಗಳಲ್ಲಿ ಕತ್ತಿ ಬಿಟ್ಟು ಬೇರೆ ದಾರಿ ಹುಡುಕುವ ಕಥೆಗಳು ಮತ್ತೆ ಮತ್ತೆ ಬರುತ್ತವೆ. ಇವನ್ನೆಲ್ಲ ‘ಶಾಂತಿಯ ಸಂದೇಶ’ದ ಕಥೆಗಳು ಅಂತ ಒಂದೇ ಗಂಟು ಕಟ್ಟಿ ಅಟ್ಟಕ್ಕೆ ಹಾಕುವವರನ್ನು ಕಂಡರೆ ನನಗೆ ಸಿಟ್ಟು. ಒಳ್ಳೆಯವುಗಳಲ್ಲಿ ಸಂದೇಶಕ್ಕಿಂತ ಮೊದಲು ಕಾಯಿದೆ ಇರುತ್ತದೆ, ಬೆಲೆ ಇರುತ್ತದೆ. ಹೊಡೆದಾಟದ ಜಾಗಕ್ಕೆ ಏನು ಬಂತು, ಅದಕ್ಕೆ ಯಾರು ಏನು ತೆತ್ತರು, ಇವೆರಡು ಕಾಣಿಸಿದರೆ ಕಥೆ ನಿಲ್ಲುತ್ತದೆ. ಕಾಣದಿದ್ದರೆ ನನ್ನ ಅಳಿಯ ಹೇಳುವ ಹಾಗೆ ‘ಖಾಲಿ ಭಾಷಣ’.

ಮೊದಲು ಮಾತಿನ ಪಂದ್ಯ ನೋಡೋಣ. ನಮ್ಮ ಕಡೆಯವರಿಗೆ ಇದನ್ನು ಬಿಡಿಸಿ ಹೇಳುವುದೇ ಬೇಡ. ಹರದೇಶಿ-ನಾಗೇಶಿ ಹಾಡಿಕೆ ರಾತ್ರಿಯೆಲ್ಲ ಕೇಳಿದವರಿಗೆ ಸವಾಲ್-ಜವಾಬ್ ಅಂದರೆ ಏನಂತ ಗೊತ್ತು. ಗಂಡು ಹೆಚ್ಚೋ ಹೆಣ್ಣು ಹೆಚ್ಚೋ, ಶಿವ ದೊಡ್ಡವನೋ ಶಕ್ತಿ ದೊಡ್ಡವಳೋ ಅಂತ ಒಂದು ಮೇಳ ಹಾಡಿನಲ್ಲೇ ಸವಾಲು ಒಗೆಯುತ್ತದೆ, ಎದುರಿನ ಮೇಳ ಹಾಡಿನಲ್ಲೇ ಅದನ್ನು ಬಿಡಿಸಬೇಕು. ಜವಾಬು ತೊದಲಿತೋ, ಕೂತ ಜನವೇ ನಗಾಡಿ ತೀರ್ಪು ಕೊಟ್ಟುಬಿಡುತ್ತಾರೆ.

1989ರಲ್ಲಿ ಅಮೆರಿಕದಲ್ಲಿ ಶುರುವಾದ ‘ದಿ ಸ್ಯಾಂಡ್‌ಮನ್’ ಕಾಮಿಕ್ಸ್‌ನ ನಾಲ್ಕನೇ ಸಂಚಿಕೆಯಲ್ಲಿ ಇಂಥದೇ ಒಂದು ಸವಾಲ್-ಜವಾಬ್ ಇದೆ. ಬರೆದವನು ನೀಲ್ ಗೈಮನ್. ಕನಸುಗಳ ಒಡೆಯನ ಶಿರಸ್ತ್ರಾಣ ನರಕದ ಒಬ್ಬ ರಾಕ್ಷಸನ ಪಾಲಾಗಿದೆ. ವಾಪಸ್ ಕೇಳಲು ಒಡೆಯ ನರಕಕ್ಕೇ ಇಳಿದು ಹೋಗುತ್ತಾನೆ. ರಾಕ್ಷಸ ಪಂದ್ಯಕ್ಕೆ ಕರೆಯುತ್ತಾನೆ. ಕಾಯಿದೆ ಇಷ್ಟೆ: ಒಬ್ಬ ತಾನು ಇಂಥದು ಅನ್ನಬೇಕು, ಇನ್ನೊಬ್ಬ ಅದನ್ನು ಮೀರಿಸುವ ಇನ್ನೊಂದಾಗಬೇಕು. ತಡವರಿಸಿದವನು ಸೋತ. ಒಡೆಯ ಸೋತರೆ ನರಕದಲ್ಲೇ ಗುಲಾಮ.

ರಾಕ್ಷಸ ತೋಳವಾಗುತ್ತಾನೆ. ಒಡೆಯ ಕುದುರೆ ಏರಿದ ಬೇಟೆಗಾರ. ರಾಕ್ಷಸ ಕುದುರೆಗೆ ಕಚ್ಚುವ ನೊಣ, ಒಡೆಯ ನೊಣ ತಿನ್ನುವ ಜೇಡ. ಹಾವು, ಹಾವನ್ನು ತುಳಿಯುವ ಎತ್ತು, ಎತ್ತನ್ನು ಕೊಲ್ಲುವ ರೋಗಾಣು. ಆಟ ಹೀಗೆ ಹಿಗ್ಗುತ್ತ ಹಿಗ್ಗುತ್ತ ಭೂಮಿ, ಸ್ಫೋಟಿಸುವ ನಕ್ಷತ್ರ, ಇಡೀ ಬ್ರಹ್ಮಾಂಡದವರೆಗೆ ಹೋಗುತ್ತದೆ. ಕೊನೆಗೆ ರಾಕ್ಷಸ ಎಲ್ಲವನ್ನೂ ನುಂಗುವ ಕತ್ತಲಾಗುತ್ತಾನೆ. ಬ್ರಹ್ಮಾಂಡವೇ ಮುಗಿದ ಮೇಲಿನ ಕತ್ತಲು. ಅದಕ್ಕಿಂತ ದೊಡ್ಡದು ಇನ್ನೇನಿದೆ?

ಒಡೆಯ ಅನ್ನುತ್ತಾನೆ: ನಾನು ಭರವಸೆ.

ರಾಕ್ಷಸನಿಗೆ ಜವಾಬು ಹೊಳೆಯುವುದಿಲ್ಲ. ಇಲ್ಲಿ ಸ್ವಲ್ಪ ನಿಂತು ನೋಡಬೇಕು. ಒಡೆಯ ನಡುವೆಯೇ ಆಟದ ದಿಕ್ಕು ಬದಲಿಸಿದ್ದಾನೆ. ರಾಕ್ಷಸನ ಪಟ್ಟು ಪ್ರತಿ ಸಲವೂ ಎದುರಿನದನ್ನು ಕೊಲ್ಲುವಂಥದು: ಕಚ್ಚು, ನುಂಗು, ಸ್ಫೋಟಿಸು. ಒಡೆಯ ಮಾತ್ರ ಅರ್ಧ ದಾರಿಯಲ್ಲಿ ಜೀವಕ್ಕೆ ಆಸರೆಯಾಗುವ ಭೂಮಿಯಾದ, ಆಮೇಲೆ ಎಲ್ಲವನ್ನೂ ಮಡಿಲಿಗೆ ಹಾಕಿಕೊಳ್ಳುವ ಬ್ರಹ್ಮಾಂಡವಾದ. ಅಲ್ಲಿಂದಲೇ ಅವನು ಕೊಲ್ಲುವುದನ್ನು ನಿಲ್ಲಿಸಿದ್ದ. ಮೊದಲ ಓದಿಗೆ ನನಗೂ ಇದು ಗೊತ್ತಾಗಿರಲಿಲ್ಲ. ಇನ್ನು ಚಿತ್ರ ಬರೆಯುವವರ ಫಜೀತಿಯೂ ಇಲ್ಲಿ ತಾನಾಗಿ ಬಗೆಹರಿದಿದೆ. ಪ್ರತಿ ಮಾತೂ ಒಂದು ರೂಪ, ಪ್ರತಿ ರೂಪಕ್ಕೂ ಒಂದು ಚಿತ್ರ. ಎರಡು ಮುಖ, ಎರಡು ಬಲೂನಿನ ಬೇಜಾರು ಇಲ್ಲವೇ ಇಲ್ಲ.

ಯಕ್ಷಪ್ರಶ್ನೆ ಕೇಳಿ ಬೆಳೆದ ನಮಗೆ ಇದು ಹೊಸದಲ್ಲ. ಬಿಲ್ಲು ಹಿಡಿದ ಅರ್ಜುನ, ಗದೆ ಹಿಡಿದ ಭೀಮ ಕೊಳದ ದಂಡೆಯಲ್ಲಿ ಸತ್ತು ಬಿದ್ದರು. ಉತ್ತರ ಕೊಟ್ಟ ಧರ್ಮರಾಯ ಎಲ್ಲರನ್ನೂ ಎಬ್ಬಿಸಿಕೊಂಡು ಬಂದ. ‘ಚಂದಮಾಮ’ದ ಬೇತಾಳನ ಕಥೆ ಮಾತ್ರ ಸ್ವಲ್ಪ ತಿರುವು. ಅಲ್ಲಿ ವಿಕ್ರಮ ಸರಿಯುತ್ತರ ಕೊಟ್ಟಷ್ಟೂ ಹೆಣ ಮರಕ್ಕೆ ವಾಪಸ್. ಮೂಲ ಕಥೆಯಲ್ಲಿ ಕೊನೆಯ ಒಗಟಿಗೆ ಉತ್ತರ ತಿಳಿಯದೆ ಅವನು ಸುಮ್ಮನಾದಾಗಲೇ ಬೇತಾಳ ಮೆಚ್ಚುವುದು. ಮೆಚ್ಚಿ ಹೇಳಿಕೊಡುವುದೇನು? ಮೋಸದ ಸನ್ಯಾಸಿಯ ತಲೆ ಕಡಿಯುವ ಉಪಾಯ. ಮಾತಿನಿಂದ ಶುರುವಾದದ್ದೆಲ್ಲ ಮಾತಿನಲ್ಲೇ ಮುಗಿಯುತ್ತದೆ ಅಂತೇನಿಲ್ಲ.

ಎರಡನೆಯ ಬಗೆಯ ಕಥೆ ಹೇಳಲು ನಾನು ಅಳಿಯನನ್ನು ಮಳಖೇಡಕ್ಕೆ ಕರೆದುಕೊಂಡು ಹೋಗಬೇಕಿತ್ತು. ಆ ಬಿಸಿಲಿಗೆ ಹೆದರಿ ಮನೆಯಲ್ಲೇ ಕೂತು ಹೇಳಿದೆ. ಸೇಡಂ ತಾಲೂಕಿನಲ್ಲಿ ಕಾಗಿಣಾ ಹೊಳೆ ದಂಡೆಯ ಈ ಊರು ರಾಷ್ಟ್ರಕೂಟರ ರಾಜಧಾನಿ ಮಾನ್ಯಖೇಟ. ಒಂಬತ್ತನೇ ಶತಮಾನದಲ್ಲಿ ಅಮೋಘವರ್ಷನ ಗುರುವಾಗಿದ್ದ ಜಿನಸೇನಾಚಾರ್ಯರು ಸಂಸ್ಕೃತದಲ್ಲಿ ಆದಿಪುರಾಣ ಬರೆದರು. ಕನ್ನಡದಲ್ಲಿ 941ರಲ್ಲಿ ಪಂಪ ಅದೇ ಕಥೆ ಹೇಳಿದ. ಭರತ-ಬಾಹುಬಲಿ ಇಬ್ಬರ ಸೈನ್ಯವೂ ಎದುರುಬದರು ನಿಂತಾಗ ಮಂತ್ರಿಗಳು ಲೆಕ್ಕ ಹಾಕುತ್ತಾರೆ. ಅಣ್ಣ-ತಮ್ಮ ಇಬ್ಬರೂ ಚರಮಶರೀರಿಗಳು, ಇದೇ ಜನ್ಮದಲ್ಲಿ ಮೋಕ್ಷ ಪಡೆಯುವವರು, ಯುದ್ಧದಿಂದ ಅವರಿಗೆ ಆಗುವುದು ಏನೂ ಇಲ್ಲ. ಸಾಯುವುದು ಸೈನಿಕರು. ಹಾಗಾಗಿ ಜಗಳ ಇರುವವರೇ ಮುಗಿಸಿಕೊಳ್ಳಲಿ: ದೃಷ್ಟಿಯುದ್ಧ, ಜಲಯುದ್ಧ, ಮಲ್ಲಯುದ್ಧ.

ಅಳಿಯ ಎದ್ದು ಕೂತ. “ದೃಷ್ಟಿಯುದ್ಧ ಅಂದ್ರ ಕಣ್ಣ್ ಮಿಟಕಸ್ಲಾರದಂಗ ನೋಡೂದಾ? ನಮ್ಮ ಕ್ಲಾಸಿನ್ಯಾಗ ಆಡ್ತೀವಲ್ಲ!”

ಹೌದು, ಅದೇ. ಮೂರರಲ್ಲೂ ಬಾಹುಬಲಿ ಗೆಲ್ಲುತ್ತಾನೆ. ಕುಸ್ತಿಯಲ್ಲಿ ಅಣ್ಣನನ್ನು ಎತ್ತುತ್ತಾನೆ, ಆದರೆ ನೆಲಕ್ಕೆ ಅಪ್ಪಳಿಸದೆ ಮರ್ಯಾದೆಯಿಂದ ಇಳಿಸುತ್ತಾನೆ. ಆಗ ಕಾಯಿದೆ ಮುರಿಯುವವನು ಭರತ. ಚಕ್ರವನ್ನೇ ಬಿಡುತ್ತಾನೆ. ಅದು ತಮ್ಮನಿಗೆ ಸುತ್ತು ಬಂದು ಏನೂ ಮಾಡದೆ ನಿಲ್ಲುತ್ತದೆ. ಬಾಹುಬಲಿ ಗೆದ್ದ ರಾಜ್ಯವನ್ನು ಅಣ್ಣನಿಗೇ ಬಿಟ್ಟು ಕಾಡಿಗೆ ನಡೆಯುತ್ತಾನೆ. ಯುದ್ಧವನ್ನು ಪಂದ್ಯಕ್ಕೆ ಇಳಿಸಿದರೆ ಸಾವು ಕಡಿಮೆಯಾಗುತ್ತದೆ, ನಿಜ. ಸೋತವನ ಹೊಟ್ಟೆಯುರಿ ಕಡಿಮೆಯಾಗುವುದಿಲ್ಲ. ಸಾವಿರ ವರ್ಷದ ಹಿಂದೆಯೇ ಆ ಕವಿಗಳಿಗೆ ಇದು ಗೊತ್ತಿತ್ತು. ಅಮೆರಿಕದ ‘ಎಲ್ಫ್‌ಕ್ವೆಸ್ಟ್’ 1978ರಲ್ಲಿ ಶುರುವಾದ ಕಾಮಿಕ್ಸ್, ವೆಂಡಿ ಮತ್ತು ರಿಚರ್ಡ್ ಪಿನಿ ದಂಪತಿಯದು. ಅದರಲ್ಲೂ ಇಬ್ಬರು ಗಂಡಸರ ಪೈಪೋಟಿಗೆ ಕೈ, ತಲೆ, ಎದೆ ಅಂತ ಮೂರು ಪರೀಕ್ಷೆ. ಪೈಪೋಟಿ ಒಬ್ಬ ಹೆಣ್ಣಿನ ಸಲುವಾಗಿ. ತನ್ನನ್ನು ಹೀಗೆ ಪಣಕ್ಕೆ ಇಟ್ಟಿದ್ದು ಆಕೆಗೇ ಹಿಡಿಸುವುದಿಲ್ಲ. ಕತ್ತಿ ಒರೆಯಲ್ಲೇ ಇದ್ದರೂ ಅನ್ಯಾಯ ಬೇರೆ ಬಾಗಿಲಿನಿಂದ ಒಳಗೆ ಬರಬಹುದು.

ನನಗೆ ಎಲ್ಲಕ್ಕಿಂತ ಇಷ್ಟವಾಗುವುದು ಮೂರನೆಯ ದಾರಿ: ಎದುರಿಗೆ ನಿಂತಿರುವುದಕ್ಕೆ ಏನು ಬೇಕಾಗಿದೆ ಅಂತ ಕೇಳುವುದು. ಅಳಿಯ ತಕರಾರು ತೆಗೆದ ಪುಸ್ತಕವೂ ಇದೇ ಜಾತಿಯದು. ಯುಕಿ ಮಿದೊರಿಕಾವಾ 2003ರಲ್ಲಿ ಶುರು ಮಾಡಿದ ಮಾಂಗಾ, ಅಂದರೆ ಜಪಾನಿ ಕಾಮಿಕ್ಸ್, ‘ನತ್ಸುಮೆಯ ಗೆಳೆಯರ ಪುಸ್ತಕ’. ನತ್ಸುಮೆ ತಂದೆತಾಯಿ ಇಲ್ಲದ ಹುಡುಗ, ನೆಂಟರ ಮನೆಯಿಂದ ನೆಂಟರ ಮನೆಗೆ ತಿರುಗಿ ಬೆಳೆದವ. ಬೇರೆಯವರಿಗೆ ಕಾಣದ ಭೂತ-ಪಿಶಾಚಿಗಳು ಇವನಿಗೆ ಕಾಣುತ್ತವೆ. ಅವನ ಅಜ್ಜಿಗೂ ಕಾಣುತ್ತಿದ್ದವು. ಒಂಟಿ ಹೆಂಗಸು, ಗಟ್ಟಿಗಿತ್ತಿ. ಎದುರಾದ ಭೂತಗಳನ್ನೆಲ್ಲ ಪಂದ್ಯದಲ್ಲಿ ಸೋಲಿಸಿ ಅವುಗಳ ಹೆಸರು ಬರೆಸಿಕೊಂಡು ಒಂದು ಪುಸ್ತಕ ಮಾಡಿಟ್ಟಳು. ಹೆಸರು ಯಾರ ಕೈಯಲ್ಲೋ ಅವರು ಹೇಳಿದ್ದು ಕೇಳಲೇಬೇಕು. ಅಜ್ಜಿ ಸತ್ತಳು, ಪುಸ್ತಕ ಮೊಮ್ಮಗನಿಗೆ ಬಂತು.

ಈ ಹುಡುಗನ ಕೈಯಲ್ಲಿ ಒಂದು ಸೈನ್ಯವೇ ಇದೆ ಅಂತಾಯಿತು. ಅವನು ಮಾಡುವುದು ತಿರುವುಮುರುವು. ಬಂದ ಭೂತದ ಹೆಸರಿನ ಹಾಳೆ ಹರಿದು, ತುಟಿಗಳ ನಡುವೆ ಹಿಡಿದು, ಎರಡೂ ಕೈ ಜೋಡಿಸಿ ಉಸಿರು ಬಿಡುತ್ತಾನೆ. ಮಸಿಯ ಅಕ್ಷರಗಳು ಹಾಳೆ ಬಿಟ್ಟು ಗಾಳಿಯಲ್ಲಿ ತೇಲಿ ಭೂತದೊಳಗೆ ಸೇರಿಕೊಳ್ಳುತ್ತವೆ. ಆ ಹೊತ್ತಿಗೆ ಅದು ಅಜ್ಜಿಯ ಜೊತೆ ಕಳೆದ ದಿನಗಳೂ ಇವನಿಗೆ ಕಾಣುತ್ತವೆ. ಹೆಸರಿಗಾಗಿ ಬಂದದ್ದು ಬಹಳ ಸಲ ಅಜ್ಜಿಗಾಗಿ ಕಾದು ಕೂತದ್ದೂ ಆಗಿರುತ್ತದೆ. ಕೊಟ್ಟಾದ ಮೇಲೆ ಹುಡುಗ ಸುಸ್ತಾಗಿ ಕುಸಿಯುತ್ತಾನೆ. ಪುಸ್ತಕ ತೆಳ್ಳಗಾಗುತ್ತ ಹೋಗುತ್ತದೆ, ಜೊತೆಗೆ ಅವನ ಬಲವೂ. ಅಳಿಯ ಕೇಳಿದ ‘ಯಾರ್ ಗೆದ್ರು’ ಅನ್ನುವುದಕ್ಕೆ ಜವಾಬು ಆ ಹರಿದ ಹಾಳೆಯಲ್ಲಿದೆ. ಗೆಲ್ಲಲು ಅಜ್ಜಿ ಕೂಡಿಟ್ಟದ್ದನ್ನು ಮೊಮ್ಮಗ ಒಂದೊಂದೇ ಖರ್ಚು ಮಾಡುತ್ತಿದ್ದಾನೆ. (ಹಾಗಂತ ಅವನೇನು ಬರಿಗೈಯಲ್ಲಿ ತಿರುಗುವುದಿಲ್ಲ. ಬೆಕ್ಕಿನ ವೇಷದ ದೊಡ್ಡ ಭೂತವೊಂದು ಅಂಗರಕ್ಷಕನಾಗಿ ಜೊತೆಗಿದೆ. ಲೇಖಕಿ ಅಷ್ಟು ಜಾಣೆ.)

ಯುಕಿ ಉರುಶಿಬಾರಾ ಅವರ ‘ಮುಶಿಶಿ’ 1999ರಿಂದ 2008ರವರೆಗೆ ಬಂತು. ಅದರಲ್ಲಿ ಎದುರಾಳಿ ಅನ್ನುವ ಮಾತೇ ಹೊಂದುವುದಿಲ್ಲ. ಪ್ರಾಣಿಯೂ ಅಲ್ಲದ, ಗಿಡವೂ ಅಲ್ಲದ ‘ಮುಶಿ’ ಎಂಬ ಜೀವಗಳು ಮನುಷ್ಯರ ಕಿವಿ, ಕಣ್ಣು, ಕನಸಿನೊಳಗೆ ಸೇರಿ ತೊಂದರೆ ಕೊಡುತ್ತವೆ. ಬೇಕಂತ ಅಲ್ಲ, ಬದುಕುವ ಸಲುವಾಗಿ. ಗಿಂಕೊ ಊರಿಂದೂರಿಗೆ ನಡೆಯುವ ವೈದ್ಯ. ಅವುಗಳನ್ನೆಲ್ಲ ನಿರ್ನಾಮ ಮಾಡಲು ಹೊರಟವನಲ್ಲ. ಇವು ಅಲ್ಲಿರಲಿ, ನಾವು ಇಲ್ಲಿರೋಣ ಅಂತ ದಾರಿ ಹುಡುಕುವವ. ಅವನಿದ್ದಲ್ಲಿಗೆ ಮುಶಿಗಳು ಕೂಡುತ್ತವೆ, ಅದಕ್ಕೆ ಎಲ್ಲಿಯೂ ಮನೆ ಮಾಡುವಂತಿಲ್ಲ. ಅವನು ತೆರುವ ಬೆಲೆ ಅದು. ಇದೇ ಉಪಾಯವನ್ನು ನಗಿಸುತ್ತ ಹೇಳಿದ್ದು 2015ರ ‘ಸ್ಕ್ವಿರಲ್ ಗರ್ಲ್’: ಗ್ರಹಗಳನ್ನೇ ನುಂಗುವ ದೈತ್ಯ ಭೂಮಿಗೆ ಬಂದಾಗ ಅಳಿಲಿನ ಬಾಲದ ಹುಡುಗಿ ಅವನ ಜೊತೆ ಹರಟೆ ಹೊಡೆದು ಗೆಳೆತನ ಬೆಳೆಸಿ, ಜನರಿಲ್ಲದ, ಬರೀ ಕಾಯಿಬೀಜ ತುಂಬಿದ ಬೇರೊಂದು ಗ್ರಹವನ್ನು ಊಟಕ್ಕೆ ತೋರಿಸುತ್ತಾಳೆ. ಹಸಿದು ಬಂದವನಿಗೆ ಊಟ. ನಮ್ಮ ದಾಸೋಹದ ನಾಡಿನವರಿಗೆ ಇದರಲ್ಲಿ ಅರ್ಥವಾಗದ್ದು ಏನಿಲ್ಲ.

ಇನ್ನೊಂದು ದಾರಿ ಎಲ್ಲಕ್ಕಿಂತ ಕಷ್ಟದ್ದು: ಏಟನ್ನು ತಾನೇ ತಿನ್ನುವುದು. ಹಯಾವೊ ಮಿಯಾಜಾಕಿ 1982ರಿಂದ 1994ರವರೆಗೆ ಬರೆದ ‘ನೌಸಿಕಾ’ ಮಾಂಗಾದ ಶುರುವಿನಲ್ಲೇ ಒಂದು ಚಿಕ್ಕ ಘಟನೆ ಬರುತ್ತದೆ. ಅಳಿಲಿನಂಥ ಕಾಡುಪ್ರಾಣಿಯೊಂದು ಹೆದರಿ ನೌಸಿಕಾಳ ಬೆರಳು ಕಚ್ಚಿ ಹಿಡಿಯುತ್ತದೆ. ಅವಳು ಕೈ ಎಳೆಯುವುದಿಲ್ಲ, ಜಾಡಿಸುವುದಿಲ್ಲ. ಸುಮ್ಮನೆ ಇರುತ್ತಾಳೆ. ಕಚ್ಚಿದ್ದು ಕೋಪದಿಂದಲ್ಲ, ಅಂಜಿಕೆಯಿಂದ ಅಂತ ಅವಳಿಗೆ ಗೊತ್ತು. ಪ್ರಾಣಿ ಹಲ್ಲು ಬಿಡುತ್ತದೆ, ಆಮೇಲೆ ಗಾಯ ನೆಕ್ಕುತ್ತದೆ. ನಾಲ್ಕಾರು ಚೌಕಟ್ಟು, ಅಷ್ಟೆ. ಏಳು ಸಂಪುಟದ ಉದ್ದಕ್ಕೂ ಅವಳು ದೊಡ್ಡ ದೊಡ್ಡ ಹುಳುಗಳ ಮುಂದೆ, ಶತ್ರು ಸೈನ್ಯಗಳ ನಡುವೆ ಮಾಡುವುದು ಇದರದೇ ದೊಡ್ಡ ರೂಪ. ಆದರೂ ಕತ್ತಿ ಹಿಡಿಯಲು ಬಾರದವಳೇನಲ್ಲ, ಸಿಟ್ಟು ನೆತ್ತಿಗೇರಿದಾಗ ಹಿಡಿಯುತ್ತಾಳೆ. ಕೊನೆಯ ಸಂಪುಟದಲ್ಲಂತೂ ಒಂದು ಭಯಂಕರ ಅಸ್ತ್ರದ ನೆರವಿನಿಂದ ಅವಳು ಮಾಡುವ ನಾಶ ಓದಿ ಎರಡು ದಿನ ನನಗೆ ಸಮಾಧಾನ ಇರಲಿಲ್ಲ. ಹನ್ನೆರಡು ವರ್ಷ ಬರೆದ ಮೇಲೂ ಮಿಯಾಜಾಕಿಗೆ ಬೆರಳು ಕಚ್ಚಿಸಿಕೊಂಡು ಮುಗಿಸಲು ಆಗಲಿಲ್ಲ. ಆ ಪುಸ್ತಕವನ್ನು ನಾನು ನಂಬುವುದೂ ಅದಕ್ಕೇ.

ನಂಬಲಾಗದವೂ ಇವೆ. ‘ನರುಟೊ’ ನೋಡದ ಹುಡುಗರು ಈಗ ಕಡಿಮೆ. ಅದರ ಮಾಂಗಾ 1999ರಿಂದ 2014ರವರೆಗೆ ನಡೆಯಿತು. ಅದರಲ್ಲಿ ನಗಾತೊ ಅನ್ನುವವ ನಾಯಕನ ಗುರುವನ್ನು ಕೊಲ್ಲುತ್ತಾನೆ, ಊರಿಗೆ ಊರೇ ನೆಲಸಮ ಮಾಡುತ್ತಾನೆ. ನರುಟೊ ಅವನ ಎದುರು ಕೂತು ಮಾತಾಡುತ್ತಾನೆ, ಅವನ ಮನಸ್ಸು ತಿರುಗುತ್ತದೆ. ತಿರುಗಿದ ಮೇಲೆ ತನ್ನ ಪ್ರಾಣ ಕೊಟ್ಟು ಆ ಊರಿನ ಸತ್ತವರನ್ನು ಎಬ್ಬಿಸುತ್ತಾನೆ. ಓದುಗರು ಇದಕ್ಕೆ ‘ಮಾತಿನ ವಿದ್ಯೆ’ ಅಂತ ತಮಾಷೆಯ ಹೆಸರಿಟ್ಟರು. ತಮಾಷೆಯಲ್ಲಿ ಒಂದು ನಿಜವಾದ ತಕರಾರಿದೆ. ಕ್ಷಮಿಸುವ ಕಷ್ಟ ಬಂದದ್ದು ನರುಟೊನಿಗೆ. ಸತ್ತ ಊರಿನವರನ್ನು ಯಾರೂ ಕೇಳಲಿಲ್ಲ, ಎಬ್ಬಿಸಿಬಿಟ್ಟ ಮೇಲೆ ಕೇಳುವ ಪ್ರಮೇಯವೂ ಉಳಿಯಲಿಲ್ಲ. ಅಮೆರಿಕದ ಕಾಮಿಕ್ಸ್ ನಾಯಕಿ ವಂಡರ್ ವುಮನ್ ಕೈಯ ಹಗ್ಗದ್ದು ಬೇರೆ ತೊಡಕು. 1941ರಲ್ಲಿ ಅವಳನ್ನು ಸೃಷ್ಟಿಸಿದ ವಿಲಿಯಂ ಮಾರ್ಸ್‌ಟನ್ ಮನಶ್ಶಾಸ್ತ್ರಜ್ಞ, ರಕ್ತದೊತ್ತಡ ನೋಡಿ ಸುಳ್ಳು ಹಿಡಿಯುವ ಪರೀಕ್ಷೆ ಮಾಡಿದವ. ಅವನ ಕಥೆಗಳಲ್ಲಿ ಆ ಹಗ್ಗದಲ್ಲಿ ಕಟ್ಟಿದವರು ಹೇಳಿದ್ದು ಕೇಳಲೇಬೇಕು. ರಕ್ತ ಹರಿಯಲಿಲ್ಲ ಸರಿ. ಇನ್ನೊಬ್ಬರ ಮನಸ್ಸನ್ನೇ ಕಟ್ಟಿಹಾಕುವುದು ಅಹಿಂಸೆ ಹೇಗಾದೀತು?

ಚಿತ್ತಾಪುರ ತಾಲೂಕಿನಲ್ಲಿ ಭೀಮಾ ಹೊಳೆ ದಂಡೆಯ ಸನ್ನತಿಗೆ ಹೋದಾಗಲೆಲ್ಲ ನನಗೆ ಈ ಪ್ರಶ್ನೆ ಕಾಡುತ್ತದೆ. 1986ರಲ್ಲಿ ಅಲ್ಲಿನ ಚಂದ್ರಲಾಂಬಾ ಗುಡಿಯ ಆವರಣದಲ್ಲಿ ಕಾಳಿ ಗುಡಿಯ ಮಾಡು ಕುಸಿದು, ಮೂರ್ತಿಯ ಪೀಠವಾಗಿದ್ದ ಕಲ್ಲು ಅಶೋಕನ ಶಾಸನ ಅಂತ ಗೊತ್ತಾಯಿತು. ಅದರಲ್ಲಿರುವ, ‘ಪ್ರತ್ಯೇಕ ಶಾಸನ’ ಅಂತ ಕರೆಯುವ ಎರಡು ಶಾಸನಗಳ ಬೇರೆ ಪ್ರತಿಗಳು ಅದಕ್ಕೂ ಮೊದಲು ಸಿಕ್ಕಿದ್ದು ಅವನು ಯುದ್ಧ ಮಾಡಿದ ಕಳಿಂಗದಲ್ಲಿ, ಧೌಲಿ ಮತ್ತು ಜೌಗಡದಲ್ಲಿ. ಅದೇ ಕಲ್ಲಿನ ಇನ್ನೊಂದು ಶಾಸನ ಮಾತಿನ ಮೇಲೆ ಹಿಡಿತ ಇರಲಿ, ತನ್ನ ಪಂಥವನ್ನು ಹೊಗಳಿಕೊಳ್ಳುತ್ತ ಬೇರೆಯವರದನ್ನು ತೆಗಳಬೇಡಿ ಅನ್ನುತ್ತದೆ. ಪಕ್ಕದ ಕನಗನಹಳ್ಳಿಯ ಸ್ತೂಪದ ಸುಣ್ಣಕಲ್ಲಿನ ಫಲಕಗಳಲ್ಲಿ ಜಾತಕ ಕಥೆಗಳಿವೆ, ಕಥೆಯ ಪಕ್ಕ ಕಥೆ, ಚೌಕಟ್ಟಿನ ಪಕ್ಕ ಚೌಕಟ್ಟು. ಅಶೋಕನೂ ಇದ್ದಾನೆ, ರಾಣಿ, ಸೇವಕಿಯರ ಜೊತೆ ನಿಂತಿದ್ದಾನೆ. ಬ್ರಾಹ್ಮಿ ಲಿಪಿಯಲ್ಲಿ ‘ರಾಯ ಅಸೋಕೊ’ ಅಂತ ಹೆಸರು ಬೇರೆ ಕೆತ್ತಿದ್ದಾರೆ. ಹೋದ ವರ್ಷ ಅದರ ಫೋಟೊ ತೋರಿಸಿದಾಗ ಅಳಿಯ ಹೇಳಿದ್ದ, “ಕಾಮಿಕ್ಸ್‌ನ್ಯಾಗ ಬಾಕ್ಸ್ ಮಾಡಿ ಹೆಸರು ಬರೀತಾರಲ್ಲ, ಹಂಗೇ ಅದ.”

ಈ ಸೂಟಿಯಲ್ಲಿ ಅವನೇ ಒಂದು ಕಾಮಿಕ್ಸ್ ಬರೆಯಲು ಕೂತ. ವಿಷಯ ನಾನು ಕೊಟ್ಟದ್ದು: ಅಲ್ಲಮ ಮತ್ತು ಗೋರಕ್ಷ. ಚಾಮರಸನ ಪ್ರಭುಲಿಂಗಲೀಲೆಯಲ್ಲಿ ಬರುವ ಕಥೆ. ಗೋರಕ್ಷ ಸಾಧನೆಯಿಂದ ಮೈಯನ್ನು ವಜ್ರ ಮಾಡಿಕೊಂಡವ. ಕತ್ತಿ ಕೊಟ್ಟು, ಹೊಡೆದು ನೋಡು ಅನ್ನುತ್ತಾನೆ. ಅಲ್ಲಮ ಹೊಡೆದರೆ ಖಣಿಲ್ ಅಂತ ಸಪ್ಪಳ, ಮೈಗೆ ಗೀರೂ ಇಲ್ಲ. ಸಪ್ಪಳ ಬಂತಲ್ಲ, ಹಾಗಾದರೆ ಮೈ ಇನ್ನೂ ಇದೆ ಅಂತಾಯಿತು. ಈಗ ನನಗೆ ಹೊಡಿ ಅನ್ನುತ್ತಾನೆ ಅಲ್ಲಮ. ಗೋರಕ್ಷ ಬೀಸಿದ ಕತ್ತಿ ಬಯಲಲ್ಲಿ ಹಾದಂತೆ ಹಾದು ಹೋಗುತ್ತದೆ. ಕಲ್ಯಾಣದ ಅನುಭವ ಮಂಟಪದಲ್ಲಿ ಶೂನ್ಯ ಪೀಠಕ್ಕೆ ಏರಿದವನಿಗೆ ಕತ್ತಿ ತಾಗಲು ಜಾಗವೇ ಇಲ್ಲ.

ಮೊದಲನೇ ಪುಟ ಹುಡುಗನಿಗೆ ಸಲೀಸಾಯಿತು. ಅರ್ಧ ಪುಟದಷ್ಟು ದೊಡ್ಡ ‘ಖಣಿಲ್’, ಸುತ್ತ ಕಿಡಿಗಳು. ಎರಡನೇ ಪುಟಕ್ಕೆ ಮೂರು ದಿನ ಹಿಡಿಯಿತು. ಅಲ್ಲಮನನ್ನು ಚುಕ್ಕಿಗೆರೆಯಲ್ಲಿ ಬರೆದ, ದೆವ್ವದ ಹಾಗೆ ಕಂಡ. ಮೈ ಹೊಗೆಯಾದಂತೆ ಬರೆದ, ಬೀಡಿ ಸೇದುತ್ತಿರುವ ಹಾಗೆ ಕಂಡ. “ನಿಂದ್ರು” ಅಂದೆ. “ಕತ್ತಲಾಗ ಇನ್ನೊಂದ್ ಪಾವಟಿಗಿ ಅದ ಅಂತ ಕಾಲಿಟ್ಟು, ಅದು ಇರ್ಲಿಲ್ಲಂದ್ರ ಮೈ ಹ್ಯಾಂಗ ಆಗ್ತದ?” ಎದ್ದು ಹೋಗಿ ಮಾಳಿಗೆಯ ಪಾವಟಿಗಿ ಮೇಲೆ ನಾಲ್ಕು ಸಲ ಕಣ್ಣು ಮುಚ್ಚಿ ಇಳಿದು ನೋಡಿದ. ಬಂದು ಅಲ್ಲಮನನ್ನು ಸುಮ್ಮನೆ ನಿಂತಂತೆ ಬರೆದ. ಮುಗ್ಗರಿಸಿದ್ದು ಗೋರಕ್ಷ: ಏಟು ತಾಗದೆ ಮುಂದಕ್ಕೆ ವಾಲಿದ ಹೆಗಲು, ಕಿತ್ತ ಹಿಮ್ಮಡಿ, ತೆರೆದ ಬಾಯಿ. ಸಪ್ಪಳದ ಅಕ್ಷರ ಎಲ್ಲಿಯೂ ಇಲ್ಲ.

ಮೂರನೇ ಪುಟ ಇನ್ನೂ ಖಾಲಿ ಇದೆ. ಗೋರಕ್ಷ ನಮಸ್ಕಾರ ಮಾಡಬೇಕು, ಅದಕ್ಕೆ ಎರಡೂ ಕೈ ಬೇಕು, ಕತ್ತಿ ಎಲ್ಲಿಡೂದು ಅಂತ ಬೆಳಗಿನಿಂದ ಕೇಳುತ್ತಿದ್ದಾನೆ.